ದೀಪದ ಎಣ್ಣೆ ಅಲ್ಲ

ಯಾರಾದರೂ ನಮ್ಮ ಮನೆಗೆ ಬಂದರೆ ನಾನು ಮೊದಲು ಅವರ ಮುಖ ನೋಡುವುದಿಲ್ಲ. ಬಾಗಿಲಿಗೆ ಬೆನ್ನು ಮಾಡಿ ಕೂತಿರುತ್ತೇನೆ, ಕಿವಿ ಮಾತ್ರ ಜಗಲಿಯ ಕಲ್ಲಿನ ಮೇಲಿರುತ್ತದೆ. ಹಿಮ್ಮಡಿ ಮೊದಲು ಊರಿತೋ, ಬೆರಳು ಮೊದಲು ಬಿತ್ತೋ ಎಂದು ಕೇಳಿಸಿಕೊಳ್ಳುತ್ತೇನೆ. ಹಿಮ್ಮಡಿ ಊರಿದ ಸದ್ದು ಕೇಳಿದ ಮೇಲೆ ತಿರುಗಿ, ಬನ್ನಿ ಎನ್ನುತ್ತೇನೆ. ಮನೆಯವರು ಇದನ್ನು ಮುದುಕನ ಚಾಳಿ ಎಂದುಕೊಂಡಿದ್ದಾರೆ. ಇದು ಕಸುಬಿನಿಂದ ಬಂದದ್ದು.

ನಾನು ಚನ್ನಪಟ್ಟಣದ ಒಂದು ಬೊಂಬೆ ಕಾರ್ಖಾನೆಯಲ್ಲಿ ಮರ ಕಡೆಯುವ ಕೆಲಸಕ್ಕೆ ಸೇರಿ, ಬಣ್ಣದ ಕೋಣೆಯ ಮೇಸ್ತ್ರಿಯಾಗಿ ನಿವೃತ್ತನಾದೆ. ನಡುವೆ ಯಾವ ಬಡ್ತಿ ಯಾವಾಗ ಸಿಕ್ಕಿತು ಎನ್ನುವುದು ಈಗ ನನಗೇ ಬೇಡ. ಆದರೆ ನಮ್ಮ ಸುತ್ತಿನ ಹುಡುಗರು ಇತ್ತೀಚೆಗೆ ಬಣ್ಣದ ಕಾರ್ಖಾನೆಗೆ, ಪ್ಲಾಸ್ಟಿಕ್ ಕಾರ್ಖಾನೆಗೆ ಸೇರುತ್ತಿದ್ದಾರೆ. ಅವರ ಮುಂದೆಯೂ ಪೀಪಾಯಿಗಳು ಬಂದು ನಿಲ್ಲುತ್ತವೆ. ಒಳಗಿರುವುದು ಏನು ಎಂದು ಕೇಳಿದರೆ ಯಾರೋ ಒಬ್ಬರು ಒಂದು ಹೆಸರು ಹೇಳುತ್ತಾರೆ. ಆ ಹುಡುಗರಿಗಾಗಿ, ಮಹಾರಾಜರ ಕಾಲದಲ್ಲಿ ನಮ್ಮ ಕಾರ್ಖಾನೆಗೆ ಬಂದ ಒಂದು ಪದಾರ್ಥದ ವಿಷಯ ಬರೆದಿಡುತ್ತಿದ್ದೇನೆ. ಕಣ್ಣಾರೆ ಕಂಡದ್ದನ್ನು ಕಂಡೆ ಎಂದೇ ಬರೆಯುತ್ತೇನೆ. ಊಹಿಸಿದ್ದನ್ನು ಊಹೆ ಎಂದು ಹೇಳುತ್ತೇನೆ.

ಮೊದಲು ನಮ್ಮ ಕೆಲಸಕ್ಕೆ ಬೇಕಾಗಿದ್ದದ್ದು ಹಾಲೆ ಮರ, ಅರಗು, ತಾಳೆ ಗರಿ ಇಷ್ಟೇ. ಮರದ ತುಂಡು ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಅದರ ಮೇಲೆ ತಾಳೆ ಗರಿ ಹಿಡಿದರೆ ಹೊಳಪು ಬರುತ್ತದೆ. ಇದನ್ನು ನನಗೆ ಕಲಿಸಿದವರು ದಸ್ತಗೀರ್ ಸಾಬರು. ಈಗ ರಾಮನಗರ ಎನ್ನುವ ಊರಿಗೆ ಆಗ ಕ್ಲೋಸ್‌ಪೇಟೆ ಎಂದು ಹೆಸರು. ಅವರ ಮನೆ ಅಲ್ಲಿತ್ತು. ಮನೆಯ ಹೆಂಗಸರು ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ಇವರು ಚನ್ನಪಟ್ಟಣದಲ್ಲಿ ಉಳಿದುಕೊಂಡು, ವಾರಕ್ಕೊಮ್ಮೆ ರೈಲಿನಲ್ಲಿ ಊರಿಗೆ ಹೋಗಿ ಬರುತ್ತಿದ್ದರು. ನನ್ನ ಊರು ಅದರ ಹತ್ತಿರದ ಕೂಟಗಲ್. ಹಾಗಾಗಿ ಎಷ್ಟೋ ಸಲ ಒಂದೇ ಗಾಡಿಯಲ್ಲಿ ಹೋಗಿದ್ದೇವೆ. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ.

ಮರ ಕಡೆಯುವ ನಮ್ಮ ಲೇತುಗಳನ್ನು ಕಾಲಿನಿಂದ ತುಳಿದು ತಿರುಗಿಸಬೇಕಿತ್ತು. ಹೊಸಬರು ಕೈ ನೋಡುತ್ತಾ ಕಾಲನ್ನು ಮರೆಯುತ್ತಾರೆ. ಮರ ನಿಂತುಬಿಡುತ್ತದೆ, ಉಳಿ ಕಚ್ಚಿಕೊಳ್ಳುತ್ತದೆ. ನಾನು ಹಾಗೆ ಮಾಡಿದಾಗಲೆಲ್ಲ ಚಾಚಾ ಪಕ್ಕದಿಂದ ಗದರುತ್ತಿದ್ದರು.

"ಏನ್ಲಾ ಯೆಂಕ್ಟ, ಕಾಲು ನಿದ್ದೆ ಹೋಯ್ತಾ? ಈ ಕಸುಬು ಕೈಯಾಗಿಲ್ಲ ಕಣ್ಲಾ, ಕಾಲಾಗೈತೆ. ಕೈ ಹೋದ್ರೆ ಬಾಯಾಗಾದ್ರೂ ಉಳಿ ಕಚ್ಕೊಂಡು ಕಡೀತೀನಿ. ಕಾಲು ಹೋದ್ರೆ ಮುಗೀತು, ಮಸೀದಿ ಮುಂದೆ ಕೂರ್ಬೇಕಾಯ್ತದೆ."

ಆಗ ನಾವೆಲ್ಲ ನಗುತ್ತಿದ್ದೆವು.

ನಮ್ಮ ಮ್ಯಾನೇಜರು ರಂಗರಾಯರು. ಕತ್ತಿನವರೆಗೆ ಗುಂಡಿ ಹಾಕಿದ ಕೋಟು, ಬಾಯಲ್ಲಿ ಯಾವಾಗಲೂ ಒಂದು ಲವಂಗ. ಕೆಟ್ಟ ಮನುಷ್ಯರಲ್ಲ. ಹೊಸದನ್ನು ಕಂಡರೆ ಅವರಿಗೆ ಹಸಿವಾದಂತೆ ಆಗುತ್ತಿತ್ತು. ಅರಗಿನ ಕೆಲಸ ನಿಧಾನ, ಹೊರಗಿನ ಅಂಗಡಿಗಳಿಗೆ ಬೇಗ ಮಾಲು ಬೇಕು ಎಂದು ಅವರು ಅದ್ದಿ ತೆಗೆಯುವ ವಾರ್ನಿಷು ತರಿಸಿದರು. ಸೆಲ್ಯುಲಾಯ್ಡನ್ನು ಕರಗಿಸಿ ಮಾಡಿದ್ದು. ಬೊಂಬೆಯನ್ನು ಅದರಲ್ಲಿ ಮುಳುಗಿಸಿ ತಂತಿಗೆ ನೇತುಹಾಕಿದರೆ ಗಾಜಿನಂತೆ ಹೊಳೆಯುತ್ತಿತ್ತು. ಅದಕ್ಕೆ ಬೆಂಕಿ ಎಷ್ಟು ಇಷ್ಟ ಎಂದು ನಮಗೆ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಮುದ್ದಯ್ಯ ಎನ್ನುವ ಕೆಲಸಗಾರ ಒಣಗಿಸುವ ಕೊಟ್ಟಿಗೆಯ ಬಾಗಿಲಲ್ಲಿ ಬೀಡಿ ಹಚ್ಚಿದ. ಕಡ್ಡಿ ಗೀರಿದ ಸದ್ದು ಕೇಳಿತು, ಆಮೇಲೆ ಕೊಟ್ಟಿಗೆಯೇ ಇರಲಿಲ್ಲ. ಮುದ್ದಯ್ಯನ ಮೀಸೆ, ಹುಬ್ಬು ಹೋಗಿ ಮುಖ ಸಿಪ್ಪೆ ಸುಲಿದ ಗೆಣಸಿನ ಹಾಗಾಗಿತ್ತು. ಜೀವ ಉಳಿಯಿತು. ಅವನ ಹೆಂಡತಿ ಅವನನ್ನು ನೋಡಿ, "ಈವಯ್ಯ ನಮ್ಮೋರಲ್ಲ, ನಮ್ಮೋರ್ನ ಕಳ್ಸಿ" ಎಂದಳಂತೆ. ಬಹಳ ದಿನ ಅದನ್ನೇ ಹೇಳಿಕೊಂಡು ನಕ್ಕೆವು.

ಆ ಬೆಂಕಿಯ ಭಯಕ್ಕೇ ರಂಗರಾಯರು ಹೊಸ ಪದಾರ್ಥ ತರಿಸಿದ್ದು. ದೊಡ್ಡ ತಗಡಿನ ಡಬ್ಬಗಳಲ್ಲಿ ಬಂತು. ಡಬ್ಬದ ಮೇಲಿನ ಇಂಗ್ಲಿಷ್ ಹೆಸರು ಒಂದು ಸಾಲಿಗೂ ಉದ್ದವಾಗಿತ್ತು. ತಿಳಿಯಾದ, ಮಂದವಾದ, ವಾಸನೆ ಇದ್ದೂ ಇಲ್ಲದ ದ್ರವ. ವಾರ್ನಿಷಿಗೆ ಅದನ್ನು ಬೆರೆಸಿದರೆ ಒಣಗಿದ ಬಣ್ಣ ಬಿರುಕು ಬಿಡದೆ ಬಳುಕುತ್ತದೆ, ಬೆಂಕಿಯನ್ನೂ ಹಿಡಿಯುವುದಿಲ್ಲ ಎಂದರು. ಹೆಸರೇನು ಸ್ವಾಮಿ ಎಂದು ಚಾಚಾ ಕೇಳಿದರು. ರಾಯರು ಒಂದು ಸಲ ಹೇಳಲು ಹೋಗಿ, ನಡುವೆ ನಿಲ್ಲಿಸಿ, ಕೈ ಬೀಸಿದರು.

"ಅದೊಂದು ಥರದ ಎಣ್ಣೆ ಅಂತ ಇಟ್ಕೊಳ್ಳಿ."

ನಾವು ಹಾಗೇ ಇಟ್ಟುಕೊಂಡೆವು.

ಮೆರುಗು ಕೊಡುವ ಕೋಣೆಯಲ್ಲಿ ಹೆಂಗಸರು ಕೆಲಸ ಮಾಡುತ್ತಿದ್ದರು. ಅವರಲ್ಲಿ ಹಿರಿಯಳು ಕುದೂರು ಕಡೆಯ ಕೆಂಪಮ್ಮ. ಮಧ್ಯಾಹ್ನದ ಬಿಡುವಿನಲ್ಲಿ ಕಾರ್ಖಾನೆಯ ಹಿತ್ತಲಲ್ಲಿ ಒಲೆ ಹೂಡಿ ಎಲ್ಲರಿಗೂ ವಡೆ ಕರಿದು ಕೊಡುತ್ತಿದ್ದಳು. ಪ್ರತಿ ಶುಕ್ರವಾರ ಹೆಂಗಸರು ಕೋಣೆಯಲ್ಲಿದ್ದ ಲಕ್ಷ್ಮಿಯ ಪಟಕ್ಕೆ ಹೂ ಮುಡಿಸಿ ದೀಪ ಹಚ್ಚುತ್ತಿದ್ದರು. ಒಂದು ಶುಕ್ರವಾರ ಯಾರೋ ಹೊಸ ಡಬ್ಬದಿಂದ ಹಣತೆಗೆ ಎಣ್ಣೆ ಬಿಟ್ಟರು. ಬತ್ತಿ ಹಚ್ಚಿದಾಗ ಒಂದು ಕ್ಷಣ ಉರಿ ಎದ್ದಿತು. ಆಮೇಲೆ ಯಾರೋ ಬೆರಳಿನಿಂದ ಹಿಸುಕಿದ ಹಾಗೆ ಕುಗ್ಗಿ, ಬತ್ತಿ ಇದ್ದಿಲಾಗಿ, ಆರಿಹೋಯಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. ನಾನು ಬಾಗಿಲಲ್ಲಿ ನಿಂತಿದ್ದೆ. ಗಾಳಿ ಇರಲಿಲ್ಲ. ಹಣತೆಯ ತುಂಬ ಎಣ್ಣೆ ಇತ್ತು. ದೇವರ ಮುಂದೆ ತುಂಬಿದ ಹಣತೆ ಆರಿಹೋಗುವುದನ್ನು ಆ ಹೆಂಗಸರು ಕಂಡಿರಲಿಲ್ಲ. ಒಬ್ಬಳು ಅಳತೊಡಗಿದಳು. ಉಳಿದವರು ಕೆಲಸಕ್ಕೆ ಕೂರಲಿಲ್ಲ.

ರಾಯರು ಬಂದು ಸಮಾಧಾನ ಮಾಡಿದರು. ಮರುದಿನ ತಾವೇ ಕುಂಚ ಹಿಡಿದು ಪ್ರತಿ ಡಬ್ಬದ ಮೇಲೂ ಕೆಂಪು ಬಣ್ಣದಲ್ಲಿ ಬರೆದರು. ಅವರ ಅಕ್ಷರ ಅಚ್ಚು ಹಾಕಿದಂತಿತ್ತು. ಓದು ಬಾರದವರೇ ಹೆಚ್ಚು ಎಂದು ಎಲ್ಲರನ್ನೂ ಕರೆದು ಗಟ್ಟಿಯಾಗಿ ಓದಿ ಹೇಳಿದರು: "ದೀಪದ ಎಣ್ಣೆ ಅಲ್ಲ."

ಬೇರೆ ಸೀಮೆಯವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಗಳಲ್ಲಿ ಎಣ್ಣೆ ಎರಡು ಬಗೆ. ಹೊಂಗೆ ಎಣ್ಣೆ, ಹರಳೆಣ್ಣೆ ದೀಪದವು. ಅವನ್ನು ಬಾಣಲೆಗೆ ಹಾಕುವುದಿಲ್ಲ, ಡಬ್ಬ ಕೂಡ ಬೇರೆ ಮೂಲೆಯಲ್ಲಿರುತ್ತದೆ. ಹುಚ್ಚೆಳ್ಳೆಣ್ಣೆ, ಕಡಲೆಕಾಯಿ ಎಣ್ಣೆ ಅಡುಗೆಯವು. ಮಗಳು ಒಲೆ ಮುಂದೆ ಕೂರುವ ವಯಸ್ಸಾದಾಗ ತಾಯಿ ಮೊದಲು ಹೇಳುವುದೇ ಇದು: ಆ ಡಬ್ಬ ಮುಟ್ಟಬೇಡ, ಅದು ದೀಪದ್ದು. ಆದ್ದರಿಂದ ದೀಪದ್ದಲ್ಲ ಎಂದರೆ ಉಳಿಯುವುದು ಒಂದೇ ಅರ್ಥ. ರಾಯರು ಡಬ್ಬದ ಮೇಲೆ ಬರೆದ ಮಾತನ್ನು ಕೆಂಪಮ್ಮ ಆ ಅರ್ಥದಲ್ಲೇ ಕೇಳಿಸಿಕೊಂಡಳು. ಡಬ್ಬ ಖಾಲಿಯಾಗುವಾಗ ತಳದಲ್ಲಿ ಉಳಿದದ್ದನ್ನು ಬಗ್ಗಿಸಿಕೊಂಡು, ಮನೆಯಿಂದ ತಂದ ಹುಚ್ಚೆಳ್ಳೆಣ್ಣೆಗೆ ಸೇರಿಸಿ ವಡೆ ಕರಿದಳು. ಕದ್ದು ಮಾಡಿದ್ದಲ್ಲ. ಎಲ್ಲರ ಎದುರಿಗೇ ಬಗ್ಗಿಸಿಕೊಳ್ಳುತ್ತಿದ್ದಳಂತೆ. ಏನಕ್ಕೆ ಎಂದು ಯಾರೂ ಕೇಳಲಿಲ್ಲ, ಏಕೆಂದರೆ ಎಣ್ಣೆ ಏನಕ್ಕೆ ಎಂದು ಯಾರೂ ಕೇಳುವುದಿಲ್ಲ. ನನಗೆ ಎದೆಯುರಿ ಇದ್ದದ್ದರಿಂದ ಕರಿದದ್ದು ತಿನ್ನುತ್ತಿರಲಿಲ್ಲ. ಹಿತ್ತಲ ಕಡೆಗೆ ಹೋಗುತ್ತಲೂ ಇರಲಿಲ್ಲ. ಮಡಿವಂತರಾದ ರಾಯರು ಅಲ್ಲಿ ತಿನ್ನುವ ಮಾತೇ ಇಲ್ಲ.

ಆ ಚಳಿಗಾಲದಲ್ಲಿ ನಾವು ಹೊಸ ಬೊಂಬೆಯೊಂದನ್ನು ಮಾಡುತ್ತಿದ್ದೆವು. ಮರದ ಮೈಗೆ ಕಾಲುಗಳನ್ನು ದಾರದಿಂದ ಪೋಣಿಸಿದ್ದು. ದಾರ ಎಳೆದರೆ ಕಾಲು ಎಗರುತ್ತದೆ, ಬಿಟ್ಟರೆ ಪಾದ ಕೆಳಮುಖವಾಗಿ ಜೋತುಬೀಳುತ್ತದೆ. ಅದ್ದಿ ತೆಗೆದ ಬೊಂಬೆಗಳನ್ನು ಸಾಲಾಗಿ ನೇತುಹಾಕಿದಾಗ, ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಕಾಣುತ್ತಿದ್ದದ್ದು ಆ ಪಾದಗಳೇ.

ಮಂಜು ದಟ್ಟವಾಗಿ ಬೀಳುತ್ತಿದ್ದ ಕಾಲ. ಬೆಳಿಗ್ಗೆ ಕೆಲಸಕ್ಕೆ ಬರುವವರು ಕಾಣುವುದಕ್ಕೆ ಮೊದಲೇ ಅವರ ಹೆಜ್ಜೆ ಕೇಳುತ್ತಿತ್ತು. ಹೆಜ್ಜೆಯ ಮೇಲೆ ಇಂಥವರು ಎಂದು ನಾನು ಗುರುತಿಸುತ್ತಿದ್ದೆ. ಕೆಂಪಮ್ಮನ ಕಾಲುಂಗುರ ಕಲ್ಲಿಗೆ ತಾಕುವ ಸಣ್ಣ ಸದ್ದು, ಮುದ್ದಯ್ಯನ ಮೆಟ್ಟು ಎಳೆಯುವ ಸದ್ದು. ಒಂದು ಬೆಳಿಗ್ಗೆ ಮಂಜಿನೊಳಗಿಂದ ಗುರುತು ಸಿಗದ ಸದ್ದು ಬಂತು. ಚಪ್. ಸ್ವಲ್ಪ ಬಿಟ್ಟು ಮತ್ತೆ ಚಪ್. ಯಾರೋ ನೀರಿನಲ್ಲಿ ನಡೆದು ಬರುತ್ತಿರುವಂತೆ. ಅಂಗಳ ಒಣಗಿ ಕಲ್ಲಾಗಿತ್ತು. ಮಂಜಿನಿಂದ ಹೊರಬಂದವಳು ಕೆಂಪಮ್ಮ. ನಾಟಿ ಗದ್ದೆಯ ಕೆಸರಿನಿಂದ ಕಾಲು ಕೀಳುವವರ ಹಾಗೆ ಮಂಡಿಯನ್ನು ಎತ್ತರಕ್ಕೆ ಎತ್ತುತ್ತಿದ್ದಳು. ಮುಂಗಾಲು ತಾನಾಗಿ ಜೋತು ನೆಲಕ್ಕೆ ಬಡಿಯುತ್ತಿತ್ತು.

"ಏನಮ್ಮ ಇದು?" ಎಂದೆ.

"ಮೀನಖಂಡ ಹಿಡ್ಕಂಡಿತ್ತು ಕಣಪ್ಪ, ಈಗ ಬುಟ್ಟೈತೆ. ಪಾದ ನಂದಲ್ವೇನೋ ಅನ್ನಂಗೈತೆ, ಅಷ್ಟೇಯ" ಎಂದು ಗೋಡೆ ಹಿಡಿದು ಒಳಗೆ ಹೋದಳು.

ಕೆಲವೇ ದಿನಗಳಲ್ಲಿ ಮಂಜಿನೊಳಗಿಂದ ಬರುವ ಸದ್ದೆಲ್ಲ ಅದೇ ಆಯಿತು. ಒಬ್ಬರಾದ ಮೇಲೆ ಒಬ್ಬರು, ಒಣ ನೆಲದ ಮೇಲೆ ಕೆಸರಿನ ನಡಿಗೆ. ಯಾರನ್ನೂ ಹೆಜ್ಜೆಯಿಂದ ಗುರುತಿಸಲಾಗುತ್ತಿರಲಿಲ್ಲ. ಎಲ್ಲರೂ ಒಬ್ಬರೇ ಆದ ಹಾಗಿತ್ತು. ಆಸ್ಪತ್ರೆಯಲ್ಲಿ ವಾತ ಎಂದು ಹಚ್ಚುವ ಔಷಧಿ ಕೊಟ್ಟರು. ಲಕ್ಷ್ಮಿಯ ಮುಂದೆ ದೀಪ ಆರಿದ ದಿನವೇ ಏನೋ ಒಳಗೆ ಬಂತು ಎಂದು ಹೆಂಗಸರು ಹೇಳಿದರು. ನನಗೂ ಒಳಗೊಳಗೆ ಹಾಗೇ ಅನ್ನಿಸುತ್ತಿತ್ತು, ಬರೆದುಬಿಡುತ್ತೇನೆ.

ದಸ್ತಗೀರ್ ಚಾಚಾ ಲೇತಿನ ಮುಂದೆ ಕೂತು ಕೆಳಗೆ ನೋಡುತ್ತಿದ್ದರು. ಅವರ ಪಾದ ತುಳಿಯುವ ಹಲಗೆಯಿಂದ ಜಾರಿ ಬೀಳುತ್ತಿತ್ತು. ಕೈಯಿಂದ ಎತ್ತಿ ಹಲಗೆಯ ಮೇಲೆ ಇಡುತ್ತಿದ್ದರು. ಮತ್ತೆ ಜಾರುತ್ತಿತ್ತು.

"ನೋಡ್ಲಾ ಯೆಂಕ್ಟ, ಯೋಳಿದ್ ಮಾತು ಕೇಳಕ್ಕಿಲ್ಲ ಅಂತದೆ. ನಿಂಗಿಂತ ಕಡೆಯಾಗೋಯ್ತು" ಎಂದು ನಗಲು ನೋಡಿದರು. ಆಮೇಲೆ ದನಿ ಇಳಿಸಿ, "ಫಾತಿಮಾ ಮದ್ವೆ ಒಂದು ಆಗೋಗ್ಲಿ ಕಣ್ಲಾ, ಆಮ್ಯಾಕೆ ಏನಾದ್ರೂ ಆಗ್ಲಿ" ಎಂದರು. ಫಾತಿಮಾ ಅವರ ಒಬ್ಬಳೇ ಮಗಳು. ಮಾಗಡಿಯ ಹುಡುಗನಿಗೆ ನಿಶ್ಚಯವಾಗಿತ್ತು. ಮದುವೆಗೆಂದು ಅವರು ರಜೆ ಹಾಕಿ ಕ್ಲೋಸ್‌ಪೇಟೆಗೆ ಹೋದರು. ಗಾಡಿಗೆ ಹತ್ತಿಸಲು ನಾನೇ ಹೋಗಿದ್ದೆ. ಸಾಮಾನುಗಳನ್ನು ಮೊದಲೇ ಕಳಿಸಿದ್ದರು. ಏನೇನು ಕಳಿಸಿದ್ದರು ಎಂದು ನಾನು ನೋಡಿರಲಿಲ್ಲ.

ಮದುವೆಯ ಹಿಂದಿನ ದಿನ, ಮಧ್ಯಾಹ್ನದ ಬಿಡುವಿನಲ್ಲಿ, ನೀರು ತರುವ ಹುಡುಗನಿಗೂ ಕಾಲು ಬಿದ್ದಿದ್ದರಿಂದ, ಬಾವಿಯ ನೀರು ಸೇದಲು ನಾನೇ ಹಿತ್ತಲಿಗೆ ಹೋದೆ. ಕೆಂಪಮ್ಮ ಕಾಲು ಚಾಚಿ ಕೂತೇ ವಡೆ ಕರಿಯುತ್ತಿದ್ದಳು. ತಂಬಿಗೆಯಿಂದ ಬಾಣಲೆಗೆ ಎಣ್ಣೆ ಸುರಿಯುವಾಗ ಕೂತಲ್ಲಿಂದ ಎಟುಕದೆ ಒಂದಿಷ್ಟು ಒಲೆಗೆ ಬಿತ್ತು. ಎಣ್ಣೆ ಬಿದ್ದರೆ ಒಲೆ ಭಗ್ಗನೆ ಏಳಬೇಕು. ನಾನು ಹಿಂದಕ್ಕೆ ಸರಿದೆ. ಉರಿ ಏಳಲಿಲ್ಲ. ಬಿದ್ದ ಕಡೆ ಕುಗ್ಗಿತು. ಯಾರೋ ಬೆರಳಿನಿಂದ ಹಿಸುಕಿದ ಹಾಗೆ.

ಹಗ್ಗ ನನ್ನ ಕೈಯಿಂದ ಬಿಟ್ಟುಹೋಯಿತು. ಬಿಂದಿಗೆ ಬಾವಿಗೆ ಬಿದ್ದ ಸದ್ದು ಕೇಳಿತು.

"ಎಲ್ಲಿಯದಮ್ಮ ಆ ಎಣ್ಣೆ?"

"ಡಬ್ಬದ್ದು ಕಣಪ್ಪ. ಒಳ್ಳೆ ಎಣ್ಣೆ. ಸಿಡಿಯಕ್ಕಿಲ್ಲ, ಹತ್ಕಳಕ್ಕಿಲ್ಲ."

"ಅದು ತಿನ್ನೋದಲ್ಲ!"

ಅವಳು ಜಾಲರಿ ಸೌಟು ಹಿಡಿದುಕೊಂಡೇ ನನ್ನನ್ನು ನೋಡಿದಳು. "ದೀಪದ್ದಲ್ಲ ಅಂತ ರಾಯ್ರೇ ಓದುದ್ರಲ್ಲಪ್ಪ. ಎಣ್ಣೆ ಅಂತ ನೀವೇ ಅಂದ್ರಲ್ಲ."

ನಾನು ಒಲೆಯ ಕೊಳ್ಳಿಗಳನ್ನು ಹೊರಗೆ ಎಳೆದೆ. ಅವಳೇ ಮೆಲ್ಲಗೆ ಹೇಳಿದಳು: "ದಸ್ತಗೀರ್ ಸಾಬ್ರೂ ತಳದ್ದೆಲ್ಲ ಕೂಡ್ಸಿ ಒಂದು ಡಬ್ಬ ಕಳ್ಸವ್ರೆ, ಮಗಳ ಮದ್ವೆಗೆ. ನಾನೇ ಚೆನ್ನಾಗೈತೆ ಅಂತ ಯೋಳಿದ್ದೆ."

ರಾಯರ ಕೋಣೆಗೆ ಓಡಿದೆ. ಅವರು ಮೊದಲು ನಂಬಲಿಲ್ಲ. ತಿಂದರೆ ವಾಂತಿಯಾಗಬೇಕು, ಹೊಟ್ಟೆ ನೋಯಬೇಕು, ಇಷ್ಟು ದಿನ ಬಿಟ್ಟು ಕಾಲು ಹೇಗೆ ಹೋಗುತ್ತದೆ ಎಂದರು. ಸರಿಯಾದ ಪ್ರಶ್ನೆಯೇ. "ನಿಮ್ಮ ಕಾಲಿಗೆ ಏನಾಗಿದೆ, ರಾಯರೆ? ನನ್ನ ಕಾಲಿಗೆ ಏನಾಗಿದೆ? ನಾವಿಬ್ಬರೂ ಆ ವಡೆ ತಿಂದಿಲ್ಲ" ಎಂದೆ. ಅವರು ಬಾಯಲ್ಲಿದ್ದ ಲವಂಗವನ್ನು ಉಗುಳಿ, ಕೋಟಿನ ಗುಂಡಿ ಹಾಕಿಕೊಂಡು ಎದ್ದರು.

ಕ್ಲೋಸ್‌ಪೇಟೆಯ ನಿಲ್ದಾಣದಿಂದ ಆ ಮನೆಗೆ ಇಬ್ಬರೂ ಹೆಚ್ಚುಕಡಿಮೆ ಓಡಿದೆವು. ಬಿಸಿಲು ಇನ್ನೂ ಊರ ಸುತ್ತಲಿನ ಬಂಡೆಗಳ ನೆತ್ತಿಯ ಮೇಲಿತ್ತು. ಅಂಗಳದಲ್ಲಿ ದೊಡ್ಡ ದೊಡ್ಡ ಪಾತ್ರೆ ಇಳಿಸಿದ್ದರು, ಒಲೆಗೆ ಗುಂಡಿ ತೋಡಿದ್ದರು. ಚಾಚಾ ಮಂಚದ ಮೇಲಿದ್ದರು. ಗೋಡೆಯ ಪಕ್ಕ ಎಣ್ಣೆಯ ಡಬ್ಬಗಳಿದ್ದವು. ಅವುಗಳಲ್ಲಿ ಒಂದರ ಮೇಲೆ ಕೆಂಪು ಅಕ್ಷರ. ರಾಯರು ತಮ್ಮ ಕೈಬರಹವನ್ನು ನೋಡುತ್ತಾ ನಿಂತುಬಿಟ್ಟರು.

ನಾನು ವಿಷಯ ಹೇಳಿದೆ. ಯಾರೂ ನಂಬಲಿಲ್ಲ. ಇದರಲ್ಲಿ ದೀಪ ನಿಲ್ಲುವುದಿಲ್ಲ, ನೋಡಿ ಎಂದೆ. ಹಣತೆ ತರಿಸಿ ಆ ಡಬ್ಬದಿಂದ ಎಣ್ಣೆ ಬಿಡಲು ಹೋದಾಗ ಚಾಚಾನ ಹೆಂಡತಿ ಬೀಬಿಜಾನ್ ಪರದೆಯ ಹಿಂದಿನಿಂದ ಕೂಗಿದರು.

"ಮದ್ವೆ ಮನೇಲಿ ದೀಪ ಆರ್ಸಕ್ ಬಂದ್ರಾ ಸ್ವಾಮಿ? ಇನ್ನೊಂದು ಮನೇಗೋಗಿ ಮಾಡಿ!"

"ಬುಡು, ಮಾಡ್ಲಿ" ಎಂದರು ಚಾಚಾ.

ಬೇರೆ ಡಬ್ಬದ ಎಣ್ಣೆಯಲ್ಲಿ ಬತ್ತಿ ಉರಿಯಿತು. ಕೆಂಪು ಅಕ್ಷರದ ಡಬ್ಬದ ಎಣ್ಣೆಯಲ್ಲಿ ಎದ್ದು, ಕುಗ್ಗಿ, ಆರಿತು. ರಾಯರು ಎಲ್ಲರಿಗೂ ಕೇಳುವಂತೆ ಹೇಳಿದರು: "ಇದು ಎಣ್ಣೆಯಲ್ಲ. ಎಣ್ಣೆ ಅಂತ ಕರೆದವನು ನಾನು. ಇದರಲ್ಲಿ ಏನೂ ಬೇಯಿಸಬೇಡಿ." ಡಬ್ಬವನ್ನು ಊರಾಚೆ ಒಯ್ದು ಕಲ್ಲಿನ ಗುಂಡಿಗೆ ಸುರಿದು ಮುಚ್ಚಿದೆವು. ಮರುದಿನದ ಊಟಕ್ಕೆ ಬರಬೇಕಿದ್ದವರು ಇಡೀ ಬೀದಿಯ ಜನ. ಅವರೆಲ್ಲ ಉಳಿದರು.

ತಿರುಗಿ ಬಂದಾಗ ಬೀಬಿಜಾನ್ ಪರದೆ ಸರಿಸಿ ಹೊರಗೆ ನಿಂತಿದ್ದರು.

"ಆ ಡಬ್ಬ ಹೊಸ್ದಾಗಿ ಒಡೆದದ್ದಲ್ಲಪ್ಪ. ಮಗೀಗೆ ಅರಿಶಿನ ಹಚ್ಚಿ ಕೂರ್ಸಿದ್ ದಿನದಿಂದ ಅದ್ರಾಗೇ ಗುಲ್‌ಗುಲೆ ಕರ್ದು ತಿನ್ನುಸ್ತಾ ಇವ್ನಿ. ಬೇರೆ ಯಾರ್ಗೂ ಕೊಟ್ಟಿಲ್ಲ. ಅವಳ್ಗೇ ಅಂತ ಮಾಡಿದ್ದು."

ಬೆಲ್ಲದ ಆ ಉಂಡೆಗಳನ್ನು ಮದುಮಗಳಿಗೆ ಪ್ರೀತಿಯಿಂದ ತಿನ್ನಿಸುವುದು ಅವರಲ್ಲಿ ವಾಡಿಕೆ. ಒಳಗಿನಿಂದ ಹುಡುಗಿಯರ ನಗು ಕೇಳುತ್ತಿತ್ತು. ಫಾತಿಮಾ ಓಡಾಡುತ್ತಿದ್ದಳು. ನಾನು ಅವಳ ಹೆಜ್ಜೆ ಕೇಳಿಸಿಕೊಂಡೆ. ಹಿಮ್ಮಡಿ, ಬೆರಳು. ಹಿಮ್ಮಡಿ, ಬೆರಳು.

"ನಂಗ್ ಬಂದದ್ದು ಅವ್ಳಿಗೂ ಬತ್ತದಾ ರಾಯ್ರೇ?" ಎಂದು ಚಾಚಾ ಕೇಳಿದರು.

ರಾಯರು, "ಗೊತ್ತಿಲ್ಲ ಸಾಬರೆ" ಎಂದರು. ಅವರು ಇಂಗ್ಲಿಷಿನಲ್ಲಿ ಏನೇನೋ ಓದಿಕೊಂಡವರು. ಆ ದಿನ ಆ ಒಂದು ಮಾತನ್ನು ಅವರು ನಿಜ ಹೇಳಿದರು ಎನ್ನುವುದನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ಮದುವೆ ನಡೆಯಿತು. ಫಾತಿಮಾ ತನ್ನ ಕಾಲಿನಲ್ಲೇ ನಡೆದು ಜಟಕಾ ಹತ್ತಿದಳು.

ಕಾರ್ಖಾನೆಯಲ್ಲಿ ಆ ಪದಾರ್ಥವನ್ನು ಬೀಗ ಹಾಕಿದ ಕೋಣೆಗೆ ಸೇರಿಸಿದರು. ಡಬ್ಬದ ಮೇಲಿನ ಕೆಂಪು ಅಕ್ಷರ ಅಳಿಸಿ, ಇದು ವಿಷ, ತಿನ್ನಬಾರದು, ಮೈಗೆ ತಾಗಬಾರದು ಎಂದು ಬರೆಸಿದರು, ಅದನ್ನು ಓದಲಾರದವರಿಗಾಗಿ ತಲೆಬುರುಡೆಯ ಚಿತ್ರ ಹಾಕಿಸಿದರು. ಆಮೇಲೆ ಬೆಂಗಳೂರಿನಿಂದ ಬಂದ ಡಾಕ್ಟರೊಬ್ಬರು ಕೆಲಸಗಾರರ ಮಂಡಿಗೆ, ಅಂಗಾಲಿಗೆ ಬಡಿದು ನೋಡಿ, ಇದು ವಾತವಲ್ಲ, ನರ ಕೆಟ್ಟಿವೆ ಎಂದರು. ತಿಂದ ಕೂಡಲೇ ಏನೂ ತೋರದೆ, ಒಂದೆರಡು ವಾರ ಕಳೆದ ಮೇಲೆ ಕಾಲಿಗೆ ಬರುವುದೇ ಈ ವಿಷದ ಗುಣ ಎಂದೂ ತಿಳಿಸಿದರು. ಕೆಂಪಮ್ಮ ವರ್ಷದ ಮೇಲೆ ಕೋಲು ಹಿಡಿದು ಓಡಾಡುವಂತಾದಳು. ಒಲೆ ಮಾತ್ರ ಮತ್ತೆ ಹೂಡಲಿಲ್ಲ. ನಾನು ಬಣ್ಣದ ಕೋಣೆಗೆ ಮೇಸ್ತ್ರಿಯಾದ ಮೇಲೆ, ಒಂದು ಪದಾರ್ಥ ಇಂಥದ್ದಲ್ಲ ಎಂದಷ್ಟೇ ಯಾರಾದರೂ ಹೇಳಿದರೆ, ಇಂಥದ್ದು ಎಂದು ಹೇಳುವವರೆಗೆ ಡಬ್ಬದ ಮುಚ್ಚಳ ತೆಗೆಸುತ್ತಿರಲಿಲ್ಲ. ಹೊಸ ಹುಡುಗರು ನನ್ನಿಂದ ಕಲಿಯಬಹುದಾದದ್ದು ಇಷ್ಟೇ ಎಂದು ಕಾಣುತ್ತದೆ.

ಮದುವೆಯ ನಂತರದ ಶುಕ್ರವಾರಗಳಲ್ಲಿ ಮಗಳು ಅಳಿಯ ತೌರಿಗೆ ಬಂದು ಹೋಗುವುದು ಅವರ ಪದ್ಧತಿ. ಆ ಶುಕ್ರವಾರಗಳಲ್ಲಿ ನಾನು ಚಾಚಾನನ್ನು ನೋಡಲು ಹೋಗುತ್ತಿದ್ದೆ. ಅವರ ಮಂಚ ಒಳಕೋಣೆಯಲ್ಲಿತ್ತು. ಅಲ್ಲಿಂದ ಬೀದಿಯ ಬಾಗಿಲು ಕಾಣುತ್ತಿರಲಿಲ್ಲ. ಮೊದಲ ಸಲ ಜಟಕಾ ನಿಂತ ಸದ್ದು ಕೇಳಿದಾಗ ಅವರು ಕಣ್ಣು ಮುಚ್ಚಿ, ನನ್ನ ಕೈ ಹಿಡಿದುಕೊಂಡರು. ನಡುಮನೆಯ ಕಲ್ಲಿನ ಮೇಲೆ ಎರಡು ಜೊತೆ ಹೆಜ್ಜೆ ಬಂದವು. ಒಂದು ಭಾರ, ಒಂದು ಹಗುರ. ಹಗುರವಾದ ಹೆಜ್ಜೆಯಲ್ಲಿ ಹಿಮ್ಮಡಿ ಮೊದಲು ಊರುತ್ತಿತ್ತು. ಚಾಚಾ ಕಣ್ಣು ಬಿಟ್ಟು, "ಕೇಳುದ್ಯೇನ್ಲಾ?" ಎಂದು ನಕ್ಕರು.

ಮುಂದಿನ ಸಲವೂ ಹಾಗೇ ಕಣ್ಣು ಮುಚ್ಚಿ ಕಾದರು. ಜಟಕಾ ನಿಂತಿತು. ಯಾರೂ ಇಳಿಯದಷ್ಟು ಹೊತ್ತು ಸುಮ್ಮನಿತ್ತು. ಆಮೇಲೆ ನಡುಮನೆಯ ಕಲ್ಲಿನ ಮೇಲೆ ಹೆಜ್ಜೆ ಬಂತು. ನಿಧಾನವಾದ, ಬಹಳ ಭಾರವಾದ ಹೆಜ್ಜೆ. ಒಂದೇ ಜೊತೆ.

ನಾನು ಬಾಗಿಲ ಕಡೆ ಮುಖ ಮಾಡಿ ಕೂತಿದ್ದೆ. ಅಳಿಯ ಫಾತಿಮಾಳನ್ನು ಎರಡು ಕೈಯಲ್ಲಿ ಎತ್ತಿಕೊಂಡು ಹೊಸ್ತಿಲಲ್ಲಿ ನಿಂತಿದ್ದ. ಅವಳ ಪಾದಗಳು ಕೆಳಮುಖವಾಗಿ ಜೋತಿದ್ದವು. ಅವುಗಳ ಮೇಲಿನ ಮೆಹಂದಿ ಇನ್ನೂ ಪೂರ್ತಿ ಮಾಸಿರಲಿಲ್ಲ. ಅವಳು ನನ್ನನ್ನು ನೋಡಿ, ಮಾತಾಡಬೇಡ ಎನ್ನುವಂತೆ ತಲೆ ಆಡಿಸಿದಳು.

ಚಾಚಾ ಕಣ್ಣು ಬಿಡದೆ ಕೇಳಿದರು.

"ಯಾಕ್ಲಾ ಯೆಂಕ್ಟ, ಅಳಿಯ ಒಬ್ನೇ ಬಂದವ್ನಾ?"